ಆದಿತ್ಯವಾರದ ಕೂಗು

ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಹೊಳೆಯ ಆಚೆ ದಡದಲ್ಲಿ ಹಂಚಿನ ಕಾರ್ಖಾನೆ ಇತ್ತು, ಅದು ದಿನಕ್ಕೆ ಐದು ಸಲ ಕೂಗುತ್ತಿತ್ತು. ಬೆಳಿಗ್ಗೆ ಕೆಲಸದವರನ್ನು ಎಬ್ಬಿಸಲಿಕ್ಕೆ ಒಂದು, ಒಳಗೆ ಕರೆಯಲಿಕ್ಕೆ ಒಂದು, ಮಧ್ಯಾಹ್ನ ಊಟಕ್ಕೆ ಬಿಡಲಿಕ್ಕೆ ಒಂದು, ಪುನಃ ಕರೆಯಲಿಕ್ಕೆ ಒಂದು, ಸಂಜೆ ಬಿಡಲಿಕ್ಕೆ ಒಂದು. ಬಂಟ್ವಾಳ ಪೇಟೆಯ ಈ ಬದಿಯವರ ಒಲೆಗಳೆಲ್ಲ ಅದನ್ನು ಕೇಳಿಯೇ ಉರಿಯುತ್ತಿದ್ದವು, ಅದನ್ನು ಕೇಳಿಯೇ ಆರುತ್ತಿದ್ದವು. ಊರಿಗೆಲ್ಲ ಹಂಚು ಮಾಡುವ ಕಾರ್ಖಾನೆಯ ಎದುರಿಗೇ ಇದ್ದರೂ ನಮ್ಮ ಮನೆಯ ಮಾಡಿಗೆ ಹೊದೆಸಿದ್ದು ಮುಳಿಹುಲ್ಲೇ. ಒಂದು ಜಗಲಿ, ಒಂದು ಕೋಣೆ, ಹಿಂದೆ ಅಡಿಗೆಯ ಚಾವಡಿ. ಜಗಲಿಯಲ್ಲಿ ಅಜ್ಜಿ ಬೀಡಿ ಕಟ್ಟುತ್ತಿದ್ದಳು, ಪಕ್ಕದಲ್ಲಿ ನಾನು. ಅಮ್ಮ ನಮ್ಮಿಬ್ಬರಿಗೂ ಎಲೆ ಕತ್ತರಿಸಿ ಕೊಡುತ್ತಿದ್ದಳು. ತಗಡಿನ ಅಚ್ಚನ್ನು ಎಲೆಯ ಮೇಲೆ ಇಟ್ಟು ಸುತ್ತಲೂ ಕತ್ತರಿ ಓಡಿಸುವ ಕೆಲಸ. ಅದರಲ್ಲಿ ಅವಳಷ್ಟು ಚೊಕ್ಕ ಯಾರಿಗೂ ಬರುತ್ತಿರಲಿಲ್ಲ. ಬೀಡಿ ಕಟ್ಟಲಿಕ್ಕೆ ಮಾತ್ರ ಬರುತ್ತಿರಲಿಲ್ಲ. ಕಟ್ಟುವಾಗ ಒಂದೊಂದು ಎಲೆಯೂ ಒಂದೊಂದು ರೀತಿ ಇರುತ್ತದೆ, ಕೈಗೆ ಯೋಚನೆ ಬೇಕು. ಅಮ್ಮನ ಕೈ ಹೇಳಿಕೊಟ್ಟದ್ದನ್ನು ಮಾಡುತ್ತಿತ್ತು, ಹೇಳಿಕೊಡದಿದ್ದರೆ ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ನನ್ನ ಅಮ್ಮನ ಹೆಸರು ಅಪ್ಪಿ. ಅವಳಿಗೆ ಬುದ್ಧಿ ಕಡಿಮೆ. ಈಗಿನವರು ಇದಕ್ಕೆ ಬೇರೆ ಬೇರೆ ಮಾತು ಹೇಳುತ್ತಾರೆ, ನಾವು ಹೀಗೆಯೇ ಹೇಳುತ್ತಿದ್ದದ್ದು. ಹುಚ್ಚಲ್ಲ. ಯಾರಿಗೂ ಹೊಡೆದವಳಲ್ಲ, ಬೈದವಳಲ್ಲ, ಸೀರೆ ಬಿಚ್ಚಿ ಓಡಿದವಳಲ್ಲ. ನೀರು ತಾ ಎಂದರೆ ತರುತ್ತಿದ್ದಳು. ಸಾಕು ಎನ್ನದಿದ್ದರೆ ಹಂಡೆ ತುಂಬಿ ಹೊರಗೆ ಹರಿದರೂ ತರುತ್ತಲೇ ಇರುತ್ತಿದ್ದಳು. ಅಜ್ಜಿ ಇದಕ್ಕೆ ಒಂದು ದಾರಿ ಕಂಡುಹಿಡಿದಿದ್ದಳು. ಅಮ್ಮನ ದಿನವನ್ನು ಕಾರ್ಖಾನೆಯ ಕೂಗಿಗೆ ಕಟ್ಟಿಹಾಕಿದ್ದಳು. ಮೊದಲನೆಯ ಕೂಗಿಗೆ ಬೂದಿ ತೆಗೆದು ಒಲೆ ಹಚ್ಚುವುದು, ಎರಡನೆಯದಕ್ಕೆ ಗಂಜಿ ಬಡಿಸುವುದು, ಹೀಗೆ ಸಂಜೆಯವರೆಗೆ. ಎಷ್ಟನೆಯ ಕೂಗು ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ಲೆಕ್ಕ ಬಾರದವಳು, ಆದರೆ ಒಂದು ದಿನವೂ ತಪ್ಪಿದವಳಲ್ಲ. ಆದಿತ್ಯವಾರ ಕಾರ್ಖಾನೆಗೆ ರಜೆ. ಆ ದಿನ ಅಜ್ಜಿಯೇ ಅಂಗಳಕ್ಕೆ ಇಳಿದು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಕಾರ್ಖಾನೆಯ ಹಾಗೆ ಉದ್ದಕ್ಕೆ ಕೂಗುತ್ತಿದ್ದಳು. ಅಂಗಳದ ಅಂಚಿನಲ್ಲಿ ಒರಳುಕಲ್ಲು ಇತ್ತು. ಬಿಸಿಲು ಅದರ ಕುಳಿಗೆ ಇಳಿದರೆ ಮಧ್ಯಾಹ್ನದ ಕೂಗು.

ಬೇಲಿಯಾಚೆ ಐಸಮ್ಮನ ಮನೆ. ಅವಳ ಗಂಡ ಪಾಣೆಮಂಗಳೂರಿನಲ್ಲಿ ಒಣಮೀನು ಮಾರುತ್ತಿದ್ದ. ಆದಿತ್ಯವಾರ ಅಜ್ಜಿ ಕೂಗಿದ ಕೂಡಲೇ ಐಸಮ್ಮ ಬೇಲಿಯ ಮೇಲಿನಿಂದ ತಲೆ ಹಾಕುತ್ತಿದ್ದಳು. ನಾವು ಆಡುತ್ತಿದ್ದದ್ದು ತುಳು, ಐಸಮ್ಮ ಅದಕ್ಕೆ ಅವಳ ಬ್ಯಾರಿ ಮಾತು ಬೆರೆಸುತ್ತಿದ್ದಳು. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತೇನೆ.

"ಎಂತ ಅಜ್ಜಿ, ಹಂಚು ಬೆಂದಿತಾ?"

"ಬೆಂದಿದೆ. ನಿನ್ನ ಮಾಡಿಗೆ ಎಷ್ಟು ಬೇಕು ಹೇಳು, ಕಳಿಸ್ತೇನೆ."

"ಮೊದಲು ನಿಮ್ಮ ಮಾಡಿಗೆ ಹಾಕಿ ಮಾರಾಯ್ತಿ!"

ನಗಾಡಿ ಒಳಗೆ ಹೋಗಿ ಅನ್ನ ಬಸಿಯುತ್ತಿದ್ದಳು. ಅವಳ ಮನೆಯಲ್ಲಿಯೂ ಗಡಿಯಾರ ಇರಲಿಲ್ಲ.

ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಬಂದು ಹೋಗುತ್ತಿದ್ದ. ಹಾಗೆ ಒಮ್ಮೆ ಬಂದು ಹೋದ ಮೇಲೆ ತಂಗಿ ಹುಟ್ಟಿದಳು. ಆಗ ನನಗೆ ಒಂಬತ್ತು. ನಮ್ಮಲ್ಲಿ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತು ಎನ್ನುತ್ತಾರೆ, ಮಕ್ಕಳು ಅಮ್ಮನ ಮನೆಗೆ ಸೇರಿದವರು. ಮಡಂತ್ಯಾರಿನಲ್ಲಿ ಜೀನಸಿನ ಅಂಗಡಿ ಇಟ್ಟಿದ್ದ ಮಾವ, ಅಂದರೆ ಅಮ್ಮನ ಅಣ್ಣ, ಮನೆಯ ಯಜಮಾನ, ಬೆಲ್ಲ ತಂದು ಹಂಚಿದ. ಮೂಡಬಿದ್ರೆಯಿಂದ ದೊಡ್ಡಮ್ಮ ಬಂದಳು. ಅಮ್ಮನ ಅಕ್ಕ, ಮಕ್ಕಳಿಲ್ಲದವಳು. ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನ ಹೊತ್ತಾದರೂ ಏಳಲಿಲ್ಲ.

ಮಗು ಅತ್ತಾಗ ಏನು ಮಾಡಬೇಕೆಂದು ಅಮ್ಮನಿಗೆ ಗೊತ್ತಾಗುತ್ತಿರಲಿಲ್ಲ. ಅತ್ತರೆ ಬಾಯಿಗೆ ಏನಾದರೂ ಕೊಡಬೇಕು ಎಂಬಷ್ಟು ಗೊತ್ತಿತ್ತು. ಒಮ್ಮೆ ಹಲಸಿನ ತೊಳೆ ಇಟ್ಟಿದ್ದಳು. ಮಗು ನೀಲಿಗಟ್ಟಿತು. ಅಜ್ಜಿ ಓಡಿ ಬಂದು ಬೆರಳು ಹಾಕಿ ತೆಗೆದು, ಅಮ್ಮನ ಬೆನ್ನಿಗೆ ನಾಲ್ಕು ಬಾರಿಸಿದಳು. ಆಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟಳು. ಒಂದು ದಿನ ಅಲ್ಲ, ತಿಂಗಳಿಡೀ.

"ಅತ್ತರೆ ಮುಟ್ಟಬೇಡ. ಕಾರ್ಖಾನೆ ಕೂಗಿದರೆ ತೆಗೆದು ಹಾಲು ಕೊಡು. ಎಂತ ಹೇಳಿದೆ?"

"ಅತ್ತರೆ ಮುಟ್ಟಬೇಡ. ಕೂಗಿದರೆ ಕೊಡು."

"ಎಲ್ಲಿ ಕೂತು?"

"ಮೆಟ್ಟಿಲಲ್ಲಿ ಕೂತು."

ಇದು ನಡೆಯಿತು. ಕಾರ್ಖಾನೆ ಕೂಗಿದ ಕೂಡಲೇ ಅಮ್ಮ ಕತ್ತರಿ ಕೆಳಗಿಟ್ಟು, ಜೋಲಿಯಿಂದ ಮಗುವನ್ನು ತೆಗೆದು, ಜಗಲಿಯ ಮೆಟ್ಟಿಲ ಮೇಲೆ ಕೂತು ಹಾಲು ಕೊಡುತ್ತಿದ್ದಳು. ನಡುವೆ ಅತ್ತರೆ ಅಜ್ಜಿ ನೋಡಿಕೊಳ್ಳುತ್ತಿದ್ದಳು. ರಾತ್ರಿ ಮಗು ಪಕ್ಕದಲ್ಲೇ ಮಲಗಿ, ಬೇಕಾದಾಗ ತಾನೇ ಹುಡುಕಿ ಕುಡಿಯುತ್ತಿತ್ತು. ಸ್ನಾನ ಮಾಡಿಸಿ ಕಾಡಿಗೆಯ ಬೊಟ್ಟು ಇಡುವುದನ್ನೂ ಅಜ್ಜಿ ಕಲಿಸಿದ್ದಳು. ಬೆರಳಿಗೆ ಕಪ್ಪು ಹತ್ತಿದರೆ ಅದು ಮಗುವಿನ ಕೆನ್ನೆಗೆ. ಮಗು ಗುಂಡಗೆ ಬೆಳೆಯಿತು.

ಮಗುವಿಗೆ ಮೂರು ತಿಂಗಳಾಗುವಾಗ ಅಜ್ಜಿ ಸತ್ತಳು. ಜ್ವರ ಬಂದು ಎಂಟು ದಿನ ಮಲಗಿದ್ದಳು. ಸಾಯುವುದಕ್ಕೆ ಎರಡು ದಿನ ಮುಂಚೆ ನನ್ನನ್ನು ಹತ್ತಿರ ಕರೆದು, "ಸೇಸಿ, ಇನ್ನು ಆದಿತ್ಯವಾರ ನೀನು ಕೂಗಬೇಕು" ಎಂದಳು. ನನ್ನ ಶಾಲೆ ಅಲ್ಲಿಗೆ ನಿಂತಿತು. ಮೂರನೆಯ ಕ್ಲಾಸಿನಲ್ಲಿದ್ದೆ. ಮಗು ನನ್ನ ಸೊಂಟಕ್ಕೆ ಬಂತು. ಬೀಡಿ ಕಟ್ಟುವಾಗ ಜೋಲಿಯ ಹಗ್ಗ ಕಾಲಿಗೆ ಕಟ್ಟಿಕೊಂಡು ತೂಗುತ್ತಿದ್ದೆ. ರಾಗಿ ಮಣ್ಣಿ ಕಾಯಿಸಿ ತಿನ್ನಿಸುತ್ತಿದ್ದೆ. ಆದಿತ್ಯವಾರ ಐದು ಸಲ ಅಂಗಳಕ್ಕೆ ಇಳಿದು ಕೂಗುತ್ತಿದ್ದೆ. ದಾರಿಯಲ್ಲಿ ಆಡುತ್ತಿದ್ದ ನನ್ನ ಕ್ಲಾಸಿನ ಮಕ್ಕಳು ನಿಂತು, "ಓ ಹಂಚಿನ ಸೇಸಿ" ಎಂದು ಅಣಕಿಸುತ್ತಿದ್ದರು. ಮಗುವಿನ ಮೇಲೆ ನನಗೆ ಬಹಳ ಪ್ರೀತಿ ಇತ್ತು ಎಂದು ಈಗ ಬರೆಯಬಹುದು, ಯಾರೂ ಬಂದು ಅಲ್ಲ ಎನ್ನುವುದಿಲ್ಲ. ಆದರೆ ನನಗೆ ಸಾಕಾಗಿತ್ತು. ಅದು ಭಾರ ಇತ್ತು. ನನ್ನ ಎಡಗಡೆಯ ಸೊಂಟ ಈಗಲೂ ಒಂದು ಬದಿಗೆ ಹೊರಳಿದೆ.

ದೊಡ್ಡಮ್ಮ ತಿಂಗಳಿಗೊಮ್ಮೆ ಬರುತ್ತಿದ್ದವಳು ಎಂಟು ದಿನಕ್ಕೊಮ್ಮೆ ಬರತೊಡಗಿದಳು. ಬಂದವಳು ಅಡಿಗೆಯ ಚಾವಡಿಯಲ್ಲಿ ನನ್ನ ತಲೆ ಬಾಚುತ್ತಾ ಮಾತು ತೆಗೆಯುತ್ತಿದ್ದಳು.

"ಮಗು ಮೂಡಬಿದ್ರೆಗೆ ಬಂದರೆ ನೀನು ಪುನಃ ಶಾಲೆಗೆ ಹೋಗಬಹುದು ಸೇಸಿ. ಲಂಗ ನಾನು ಹೊಲಿಸಿ ಕೊಡ್ತೇನೆ."

"ನಾನೂ ಮೂಡಬಿದ್ರೆಗೆ ಬರುವುದಾ?"

"ನೀನು ಬಂದರೆ ಅಪ್ಪಿಯನ್ನು ನೋಡಿಕೊಳ್ಳಲಿಕ್ಕೆ ಯಾರು? ಒಬ್ಬರು ಬೇಡವಾ?"

ಅದು ಸರಿಯಾದ ಮಾತೇ. ಅವಳು ಸಿಕ್ಕು ಬಿಡಿಸುವಾಗ ಎಳೆಯುತ್ತಿರಲಿಲ್ಲ. ತಲೆ ಬಾಚುವವರು ನನಗೆ ಬೇರೆ ಯಾರೂ ಇರಲಿಲ್ಲ.

ಮಾವ ಅಪ್ಪನಿಗೆ ಕಾಗದ ಬರೆದ. ನಿಮ್ಮ ಮನೆಯ ಮಗು, ನೀವು ಹೇಗೆ ಮಾಡಿದರೂ ಸರಿ ಎಂದು ಅಪ್ಪನಿಂದ ಉತ್ತರ ಬಂತು. ಆಮೇಲೆ ಅವನು ಊರಿಗೆ ಬರಲಿಲ್ಲ. ಅಲ್ಲಿಯೇ ಇನ್ನೊಂದು ಸಂಸಾರ ಮಾಡಿದನಂತೆ. ಆದರೆ ಬಾಯಿಮಾತಿನಲ್ಲಿ ಮಗುವನ್ನು ಒಯ್ಯಲಿಕ್ಕೆ ದೊಡ್ಡಮ್ಮನ ಗಂಡ ಒಪ್ಪಲಿಲ್ಲ. ನಾಳೆ ದೊಡ್ಡದಾದ ಮೇಲೆ ವಾಪಸು ಕೊಡಿ ಎಂದರೆ? ಕಾಗದ ಆಗಬೇಕು, ಅಮ್ಮನಿಗೆ ಇನ್ನು ಮಗುವಿನ ಮೇಲೆ ಹಕ್ಕಿಲ್ಲ ಎಂದು ಬರೆಯಬೇಕು, ಊರಿನ ಪಟೇಲರು ಸಾಕ್ಷಿ ಹಾಕಬೇಕು ಎಂದರು. ಅಂಗಡಿಗೆ ರಜೆ ಇರುವ ದಿನ ಆಗಲಿ ಎಂದು ಮಾವ ಹೇಳಿದ. ಹಾಗೆ ಎಲ್ಲರೂ ಒಂದು ಆದಿತ್ಯವಾರ ಬಂದರು. ಮಾವ, ದೊಡ್ಡಮ್ಮ, ದಸ್ತಾವೇಜು ಬರೆಯುವ ಒಬ್ಬರು, ಪಟೇಲರು. ದೊಡ್ಡಮ್ಮ ಅದೇ ಮನೆಯಲ್ಲಿ ಹುಟ್ಟಿ ಬೆಳೆದವಳು. ಆದಿತ್ಯವಾರ ಕಾರ್ಖಾನೆ ಕೂಗುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ನಾನು ಕೇಳಲೂ ಇಲ್ಲ. ಅವಳು ಬದುಕಿದ್ದಷ್ಟು ದಿನ ಕೇಳಬಹುದಿತ್ತು.

ಬೆಳಗಿನ ಎರಡು ಕೂಗನ್ನು ನಾನು ಅವರು ಬರುವುದಕ್ಕೆ ಮೊದಲೇ ಕೂಗಿ ಮುಗಿಸಿದ್ದೆ. ಅಮ್ಮ ಎರಡು ಸಲವೂ ಹಾಲು ಕೊಟ್ಟಿದ್ದಳು. ಬಂದವರಿಗೆ ಬೆಲ್ಲ ನೀರು ಕೊಟ್ಟೆ. ಬರೆಯುವವರು ಚಾಪೆಯ ಮೇಲೆ ಛಾಪಾ ಕಾಗದ ಬಿಡಿಸಿ, ಮಸಿಯ ಕುಪ್ಪಿ ಪಕ್ಕಕ್ಕಿಟ್ಟು, ಮಾವನಿಗೆ ಹೇಳಿದರು.

"ಒಂದು ತೊಡಕು ಉಂಟು. ತಲೆ ಸರಿ ಇಲ್ಲದವರ ಹೆಬ್ಬೆಟ್ಟು ನಡೆಯುವುದಿಲ್ಲ."

"ತಲೆ ಸರಿ ಇದ್ದರೆ ನಾವು ಯಾಕೆ ಮಗು ಒಯ್ಯುವುದು ಮಾರಾಯ್ರೆ?"

"ಅದೇ ನಾನು ಹೇಳಿದ್ದು. ಹಾಗಾಗಿ ತಲೆ ಸರಿ ಉಂಟು ಅಂತ ಬರೆಯುವ. ಒತ್ತುವ ಹೊತ್ತಿಗೆ ಸರಿ ಇದ್ದರೆ ಸಾಕು."

ಪಟೇಲರು ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ವಯಸ್ಸಾದವರು, ಕಡಿಮೆ ಮಾತಿನವರು. ಅವರು ಉಗುಳಿ ಬಂದು ಕೂತರು.

"ಕಾಗದದಲ್ಲಿ ನೀವು ಬೇಕಾದ್ದು ಬರೆಯಿರಿ. ನಾನು ಕಣ್ಣಿಂದ ನೋಡದೆ ರುಜು ಹಾಕುವವನಲ್ಲ. ನಾಯಿಯೂ ಮರಿಗೆ ಹಾಲು ಕೊಡ್ತದೆ. ಮಗು ಹಸಿದು ಅಳಲಿ. ಅಪ್ಪಿ ಎತ್ತಿಕೊಂಡಳಾ, ಈ ಕಾಗದ ಹರಿದು ಒಲೆಗೆ ಹಾಕುವುದು. ಎತ್ತಿಕೊಳ್ಳಲಿಲ್ಲವಾ, ನಾನು ರುಜು ಹಾಕ್ತೇನೆ. ಯಾರೂ ಅವಳಿಗೆ ಹೇಳಿಕೊಡಬಾರದು."

ದೊಡ್ಡಮ್ಮ ಮಾವನ ಮುಖ ನೋಡಿದಳು. ಮಾವ ಆಗಲಿ ಎಂದ. ಎಲ್ಲರೂ ಜಗಲಿಯಲ್ಲಿ ಕೂತೆವು. ಅಮ್ಮ ಕಂಬದ ಹತ್ತಿರ ಕೂತು ಎಲೆ ಕತ್ತರಿಸುತ್ತಿದ್ದಳು. ಜನ ಬಂದರೆ ಅವಳಿಗೆ ಹೆದರಿಕೆ ಏನೂ ಇಲ್ಲ, ನಗುತ್ತಿದ್ದಳು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಬಿಸಿಲು ಒರಳುಕಲ್ಲಿನಿಂದ ಎರಡು ಗೇಣು ಈಚೆ ಇತ್ತು.

ಮಗು ಎದ್ದಿತು. ಮೊದಲು ಕಾಲು ಬಡಿದು ಆಡಿತು, ಮತ್ತೆ ಕೊಸರಿತು, ಮತ್ತೆ ಅಳಲಿಕ್ಕೆ ಸುರು ಮಾಡಿತು. ಅಮ್ಮ ತಲೆ ಎತ್ತಿ ಜೋಲಿಯನ್ನು ನೋಡಿದಳು. ಕತ್ತರಿ ನಿಂತಿತು. ಪಟೇಲರು ಅಲುಗದೆ ಅವಳನ್ನೇ ನೋಡುತ್ತಿದ್ದರು. ಅಮ್ಮನ ತುಟಿ ಅಲ್ಲಾಡುತ್ತಿತ್ತು. ದೂರದಲ್ಲಿದ್ದವರಿಗೆ ಏನೆಂದು ತಿಳಿಯಲಿಕ್ಕಿಲ್ಲ. ನನಗೆ ಗೊತ್ತಿತ್ತು. ಅತ್ತರೆ ಮುಟ್ಟಬೇಡ ಎಂದು ಹೇಳಿಕೊಳ್ಳುತ್ತಿದ್ದಳು. ಬಿಸಿಲು ಒರಳುಕಲ್ಲಿನ ಅಂಚಿಗೆ ಬಂತು. ಮಗು ಕೆಂಪಾಗಿ ಕಿರುಚುತ್ತಿತ್ತು. ಬಿಸಿಲು ಕುಳಿಗೆ ಇಳಿಯಿತು. ಅಮ್ಮ ಕತ್ತರಿ ಕೆಳಗಿಟ್ಟಳು. ರವಿಕೆಯ ಮುಂದೆ ಎರಡು ಕಡೆ ಒದ್ದೆಯಾಗಿತ್ತು. ತಲೆ ತಿರುಗಿಸಿ ನನ್ನನ್ನು ನೋಡಿದಳು.

ನಾನು ಕೂಗಬೇಕಿತ್ತು. ಹೇಳಿಕೊಡಬಾರದು ಎಂದಿದ್ದರು ನಿಜ, ಆದರೆ ಅದು ಹೇಳಿಕೊಡುವುದು ಅಲ್ಲ, ವಾರ ವಾರ ಕೂಗುವ ಕೂಗು. ದೊಡ್ಡವರು ಕೂತಲ್ಲಿ ಹೆಣ್ಣುಹುಡುಗಿ ಹಾಗೆ ಬಾಯಿ ಮಾಡುವುದು ಹೇಗೆ ಎಂದು ನಾಚಿಕೆಯಾಯಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಾಚಿಕೆಯೂ ಇತ್ತು. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಲಂಗ. ನೀಲಿ ಲಂಗ ಹಾಕಿಕೊಂಡು, ಸೊಂಟದಲ್ಲಿ ಏನೂ ಇಲ್ಲದೆ, ಸ್ಲೇಟು ಹಿಡಿದುಕೊಂಡು ದಾರಿಯಲ್ಲಿ ನಡೆಯುವುದು. ಬಾಯಿ ಮುಚ್ಚಿಕೊಂಡು ನಿಂತೆ.

ಪಟೇಲರು ಕೊನೆಗೆ ನನ್ನ ಕಡೆ ತಿರುಗಿದರು.

"ಯಾವಾಗಲೂ ಹೀಗೆಯಾ ಮಗಾ?"

"ಆದಿತ್ಯವಾರ ಹೀಗೆ" ಎಂದೆ.

"ಆದಿತ್ಯವಾರ ಎಂತದು, ಎಲ್ಲ ವಾರವೂ ಇದೇ ಅವಸ್ಥೆ" ಎಂದು ಮಾವ ನಡುವೆ ಬಾಯಿ ಹಾಕಿದ.

ಪಟೇಲರು ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಇನ್ನೊಂದು ಮಾತು ಕೇಳಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ದೊಡ್ಡಮ್ಮ ತಡೆಯಲಾರದೆ ಎದ್ದು ಮಗುವನ್ನು ಎತ್ತಿಕೊಂಡಳು. ಬರೆಯುವವರು ಬರೆದು ಓದಿದರು. ಅಪ್ಪಿ ಎಂಬ ನಾನು ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ನನ್ನ ಮಗುವನ್ನು ಕೊಟ್ಟಿರುತ್ತೇನೆ, ಇನ್ನು ಮುಂದೆ ಆ ಮಗುವಿನ ಮೇಲೆ ನನಗೆ ಯಾವ ಹಕ್ಕೂ ಇರುವುದಿಲ್ಲ ಎಂದು. ಮಾವ ಅಮ್ಮನ ಕೈ ಹಿಡಿದು, ಹೆಬ್ಬೆರಳಿಗೆ ಮಸಿ ಸವರಿ, ಕಾಗದದ ಮೇಲೆ ಒತ್ತಿದ. ಅಮ್ಮ ಕೈ ತಿರುಗಿಸಿ ನೋಡಿಕೊಂಡಳು. ಬೆರಳಿಗೆ ಕಪ್ಪು ಹತ್ತಿತ್ತು. ಎದ್ದು ದೊಡ್ಡಮ್ಮನ ಹತ್ತಿರ ಹೋಗಿ, ಅಳುತ್ತಿದ್ದ ಮಗುವಿನ ಕೆನ್ನೆಗೆ ಆ ಹೆಬ್ಬೆರಳನ್ನು ಒತ್ತಿ ಬೊಟ್ಟು ಇಟ್ಟಳು. ಅಷ್ಟು ಮಾಡಿ ಬಂದು ಕಂಬದ ಹತ್ತಿರ ಕೂತಳು.

ದೊಡ್ಡಮ್ಮ ಸೆರಗಿನ ತುದಿ ಒದ್ದೆ ಮಾಡಿ ಉಜ್ಜಿದಳು. ಬರೆಯುವ ಮಸಿ ಕಾಡಿಗೆಯಲ್ಲ, ಹೋಗಲಿಲ್ಲ. ಪಟೇಲರು ಅಷ್ಟರಲ್ಲಿ ರುಜು ಹಾಕಿ ಆಗಿತ್ತು. ಅವರು ಕೊಡೆ ತೆಗೆದುಕೊಂಡು ಮೊದಲು ಹೋದರು. ಕೊಟ್ಟ ಬಾಳೆಹಣ್ಣು ಮುಟ್ಟಲಿಲ್ಲ. ಎರಡು ಗಂಟೆಯ ಬಸ್ಸಿಗೆ ಉಳಿದವರೂ ಹೋದರು. ಕೆನ್ನೆಯಲ್ಲಿ ಆ ಗುರುತು ಇಟ್ಟುಕೊಂಡೇ ಮಗು ಮೂಡಬಿದ್ರೆಗೆ ಹೋಯಿತು.

ಅವರು ಹೋದ ಮೇಲೆ ಐಸಮ್ಮ ಬೇಲಿಯ ಹತ್ತಿರ ಬಂದಳು.

"ಓ ಸೇಸಿ, ಇವತ್ತು ಮಧ್ಯಾಹ್ನ ಯಾಕೆ ಕೂಗಲಿಲ್ಲ? ನಿನ್ನನ್ನು ನಂಬಿ ಕೂತು ನನ್ನ ಅನ್ನ ಗಂಜಿ ಆಯ್ತು."

ಮರೆತುಹೋಯಿತು ಎಂದೆ.

"ಮಗು ಎಲ್ಲಿ, ದನಿ ಇಲ್ಲ?"

ಒಯ್ದರು ಎಂದೆ. ಅವಳು ತಿರುಗಿ ಒಳಗೆ ಹೋದಳು. ಅನ್ನದ ಮಾತು ಪುನಃ ಎತ್ತಲಿಲ್ಲ. ಸಂಜೆ ಒಂದು ಬಟ್ಟಲಲ್ಲಿ ಮೀನಿನ ಸಾರು ತಂದು ಮೆಟ್ಟಿಲ ಮೇಲೆ ಇಟ್ಟು ಹೋದಳು. ಅಮ್ಮ ಉಂಡಳು. ನಾನೂ ಉಂಡೆ.

ಸೋಮವಾರ ಕಾರ್ಖಾನೆ ಕೂಗಿತು. ಅಮ್ಮ ಜೋಲಿಗೆ ಕೈ ಹಾಕಿದಳು, ಏನೂ ಸಿಗಲಿಲ್ಲ. ಬಟ್ಟೆಯನ್ನು ತಿರುವಿ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಹೋಗಿ ಕೂತು, ಎಷ್ಟು ಹೊತ್ತು ಹಾಲು ಕೊಡುತ್ತಿದ್ದಳೋ ಅಷ್ಟೇ ಹೊತ್ತು ಕೂತು, ಎದ್ದು ಬಂದು ಕತ್ತರಿ ತೆಗೆದುಕೊಂಡಳು. ಅಳಲಿಲ್ಲ. ಮಗು ಎಲ್ಲಿ ಎಂದು ಕೇಳಲಿಲ್ಲ. ಕೇಳಲಿಕ್ಕೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಎದೆ ಗಟ್ಟಿಯಾಗಿ ಜ್ವರ ಬಂದಾಗ ಐಸಮ್ಮ ಮಲ್ಲಿಗೆ ಹೂವು ಅರೆದು ಕಟ್ಟಿದಳು. ಹಾಲು ಬತ್ತಿತು. ಕೂರುವುದು ನಿಲ್ಲಲಿಲ್ಲ.

ಲಂಗ ಬಂತು, ನೀಲಿಯದ್ದೇ. ಶಾಲೆಗೆ ಹೋದದ್ದು ಒಂದು ಮಳೆಗಾಲ. ನಾನಿಲ್ಲದಾಗ ಅಮ್ಮ ಒಮ್ಮೆ ಒಲೆ ಹಚ್ಚಿ, ಆರಿಸು ಎನ್ನುವವರಿಲ್ಲದೆ ಮನೆಯಲ್ಲಿದ್ದ ಸೌದೆಯನ್ನೆಲ್ಲ ಒಟ್ಟಿದಳು, ಮಾಡಿನ ಹುಲ್ಲಿನ ಒಂದು ಮೂಲೆ ಸುಟ್ಟುಹೋಯಿತು. ಮಾವ ಬಂದು ಶಾಲೆ ಸಾಕು ಎಂದ. ನನಗೆ ಓದು ಬರೆಹ ಅಷ್ಟೇ. ಉಳಿದದ್ದನ್ನು ಬೀಡಿ ಎಲೆಯ ಕಟ್ಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪೇಪರುಗಳಿಂದ ಕಲಿತೆ.

ಮಗುವಿಗೆ ವಸಂತಿ ಎಂದು ಹೆಸರಿಟ್ಟರು. ಚೆನ್ನಾಗಿ ಸಾಕಿದರು, ಅದರಲ್ಲಿ ಎರಡು ಮಾತಿಲ್ಲ. ಟೀಚರ್ ಆದಳು. ಮದುವೆಯ ಹೊತ್ತಿಗೆ ದೊಡ್ಡಮ್ಮನೇ ಅವಳಿಗೆ ವಿಷಯ ಹೇಳಿ ಆ ಕಾಗದ ತೋರಿಸಿದಳಂತೆ. ಅಮ್ಮ ಸತ್ತ ವರ್ಷ ವಸಂತಿ ನನ್ನ ಮನೆಗೆ ಬಂದಳು, ನನ್ನನ್ನು ಸೇಸಕ್ಕ ಎನ್ನುತ್ತಾಳೆ. ಕಾಗದವನ್ನು ಚೀಲದಲ್ಲಿ ತಂದಿದ್ದಳು.

"ಅವರಿಗೆ ಬುದ್ಧಿ ಸರಿ ಇರಲಿಲ್ಲ ಅಂತಾರೆ. ಇದರಲ್ಲಿ ಸರಿ ಇತ್ತು ಅಂತ ಉಂಟು. ಯಾವುದು ನಿಜ ಸೇಸಕ್ಕ? ಅವರು ನನ್ನನ್ನು ಎತ್ತಿಕೊಳ್ಳಲೇ ಇಲ್ವಾ?"

"ಹೇಳಿದ್ದು ಮಾಡುತ್ತಿದ್ದಳು" ಎಂದೆ. "ಆ ದಿನ ಹೇಳಬೇಕಾದವಳು ನಾನು. ನಾನು ಹೇಳಲಿಲ್ಲ."

ಅವಳಿಗೆ ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದ ಹಾಗೆಯೇ. ಅವಳು ಕಾಗದ ಮಡಚಿ ಒಳಗಿಟ್ಟಳು. ನನಗೆ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಚಾ ಕುಡಿದು ಬಸ್ಸಿಗೆ ಹೋದಳು. ಈಗಲೂ ಹಬ್ಬಕ್ಕೆ ಫೋನು ಮಾಡುತ್ತಾಳೆ.

ಒಂದು ಮಾತನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಮಗು ಹೋದ ನಂತರದ ಮೊದಲ ಆದಿತ್ಯವಾರದ್ದು. ಇನ್ನು ಕೂಗುವುದು ಯಾಕೆ, ಅಮ್ಮನಿಗೆ ಕೆಲಸ ನಾನೇ ಹೇಳಿದರಾಯಿತು ಎಂದು ಆ ದಿನ ಬೆಳಗಿನಿಂದ ನಾನು ಸುಮ್ಮನಿದ್ದೆ. ಬಿಸಿಲು ಒರಳುಕಲ್ಲಿಗೆ ಇಳಿಯಿತು. ಅಮ್ಮ ಕತ್ತರಿ ಕೆಳಗಿಟ್ಟು ಎದ್ದು ಬಂದಳು. ನನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ನನ್ನ ಎರಡೂ ಕೈಗಳನ್ನು ಹಿಡಿದೆತ್ತಿ, ನನ್ನ ಬಾಯಿಯ ಎರಡು ಬದಿಗೆ ತಂದು ಇಟ್ಟಳು. ನಾನು ಅಂಗಳಕ್ಕೆ ಇಳಿದು ಕೂಗಿದೆ. ಅವಳು ಹೋಗಿ ಮೆಟ್ಟಿಲ ಮೇಲೆ ಕೂತಳು.